ರೋಡ್ ರೇಸರ್ ಆಗುವುದು ಹೇಗೆ? ಮೊದಲು ಚಕ್ರ ಹಿಡಿಯಲು ಕಲಿಯಿರಿ

ಸೈಕಲ್ ರೇಸನ್ನೇ ವೃತ್ತಿ ಮಾಡಿಕೊಳ್ಳಬೇಕು ಎಂದು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಸೈಕಲ್ ತಗೊಳ್ಳಲಿ ಎಂದು. ಎರಡನೆಯದು, ಕಾಲಿನಿಂದ ಎಷ್ಟು ವ್ಯಾಟ್ ಶಕ್ತಿ ಬರಬೇಕು ಎಂದು. ಗುಂಪಿನೊಳಗೆ ಸೈಕಲ್ ಓಡಿಸುವುದು ಹೇಗೆ ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಇಬ್ಬರೋ ಮೂವರೋ ಇರಬಹುದು. ಕಾಲರ್ ಬೋನ್ ಮುರಿದುಕೊಂಡ ಮೇಲೆ ಕೇಳಿದವರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಅದಕ್ಕೇ ಈ ಲೇಖನದಲ್ಲಿ ಮೂರನೇ ಹೆಜ್ಜೆ ಬಹಳ ಉದ್ದ. ಉಳಿದವನ್ನು ಬೇಗ ಬೇಗ ದಾಟುತ್ತೇನೆ.

ಹೆಜ್ಜೆ 1: ಮೈಗೆ ಹೊಂದುವ ಸೈಕಲ್

ಸೆಕೆಂಡ್ ಹ್ಯಾಂಡ್ ಸಾಕು. ಫ್ರೇಮಿನ ಅಳತೆ ನಿಮ್ಮ ಎತ್ತರಕ್ಕೆ ಸರಿ ಇರಬೇಕು, ಅಷ್ಟೇ. ಸೀಟಿನ ಎತ್ತರ ನೋಡುವುದು ಸುಲಭ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ನೇರವಾದರೆ ಸರಿ ಇದೆ. ಸೊಂಟ ಅತ್ತಿತ್ತ ವಾಲಿದರೆ ಸೀಟು ಜಾಸ್ತಿ ಮೇಲಿದೆ.

ಸೈಕಲ್‌ನ ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವೃತ್ತಿಪರರ ರೇಸ್‌ಗಳಲ್ಲೂ 6.8 ಕೆ.ಜಿ.ಗಿಂತ ಹಗುರವಾದ ಸೈಕಲ್ ಬಳಸುವಂತಿಲ್ಲ. ಇದು ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ಮಾಡಿರುವ ನಿಯಮ. ಇನ್ನೂರು ಗ್ರಾಂ ಇಳಿಸಲು ಸುರಿಯುವ ದುಡ್ಡನ್ನು ಒಳ್ಳೆಯ ಟಯರ್‌ಗೂ ಒಳ್ಳೆಯ ಭುಜಪಟ್ಟಿಯ ಸೈಕಲ್ ಚಡ್ಡಿ, ಅಂದರೆ ಬಿಬ್ ಶಾರ್ಟ್ಸ್‌ಗೂ ಹಾಕಿ. ಸೀಟಿನ ಮೇಲೆ ಹಾಕುವ ಮೆತ್ತನೆಯ ಜೆಲ್ ಕವರ್ ಮಾತ್ರ ಬೇಡವೇ ಬೇಡ. ಅರ್ಧ ಗಂಟೆ ಹಿತವಾಗಿರುತ್ತದೆ, ಮೂರನೇ ಗಂಟೆಗೆ ತೊಡೆಸಂದಿನ ಚರ್ಮ ಸುಲಿಯುತ್ತದೆ. ಹೆಸರಿಲ್ಲದ ಕಂಪನಿಯ ಅಗ್ಗದ ಕಾರ್ಬನ್ ಹ್ಯಾಂಡಲ್ ಅಂತೂ ಮುಟ್ಟಲೇಬೇಡಿ. ಅದು ಮುರಿಯುವ ಮುಂಚೆ ಹೇಳಿ ಮುರಿಯುವುದಿಲ್ಲ.

ಹೆಜ್ಜೆ 2: ದಮ್ಮು

ಒಂದೆರಡು ವರ್ಷ ತಪ್ಪದೆ ಸೈಕಲ್ ತುಳಿಯಿರಿ, ಅದರಲ್ಲಿ ಬಹುಪಾಲು ಮಾತಾಡುತ್ತಾ ಹೋಗಬಹುದಾದ ವೇಗದಲ್ಲಿ. ಇದರಲ್ಲಿ ಗುಟ್ಟೇನೂ ಇಲ್ಲ, ಬೇಸರ ಮಾತ್ರ ಇದೆ.

ಹೆಜ್ಜೆ 3: ಗುಂಪು

ಎಲ್ಲರೂ ಎಡವುವುದು ಇಲ್ಲೇ.

ಮೊದಲು ಕಾರಣ ತಿಳಿದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಕಾಲಿನ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಹತ್ತು ಪರ್ಸೆಂಟ್ ಏರಿಸಬೇಕಾದರೆ ಗಾಳಿಗೆ ಹಾಕುವ ಶಕ್ತಿ ಮೂವತ್ತು ಪರ್ಸೆಂಟ್‌ಗೂ ಜಾಸ್ತಿ ಏರಬೇಕು. ಮುಂದಿನವರ ಬೆನ್ನಿಗೆ ಅಂಟಿಕೊಂಡರೆ, ಅಂದರೆ ಅವರ ಚಕ್ರ ಹಿಡಿದರೆ, ಸುಮಾರು ಮೂರನೇ ಒಂದು ಭಾಗ ಶಕ್ತಿ ಉಳಿತಾಯವಾಗುತ್ತದೆ. ದೊಡ್ಡ ಗುಂಪಿನ ನಡುವೆ ಉಳಿತಾಯ ಇನ್ನೂ ಹೆಚ್ಚು. 121 ಸವಾರರ ಗುಂಪಿನ ಮಾದರಿಯನ್ನು ಕಂಪ್ಯೂಟರಿನಲ್ಲೂ ಗಾಳಿ ಸುರಂಗದಲ್ಲೂ ಇಟ್ಟು ಅಳೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂಟಿಯಾಗಿ ಹೋಗುವವರಿಗೆ ಎದುರಾಗುವ ಗಾಳಿಯ ಒತ್ತಡದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ಗುಂಪಿನ ಒಳಗಿರುವವರಿಗೆ ತಾಗುತ್ತದೆ ಎಂದು ಅದರಲ್ಲಿ ಕಂಡಿತು. ಅಂದರೆ ನೀವು ಎಷ್ಟೇ ಬಲಶಾಲಿಯಾಗಿರಿ, ಗಾಳಿಯ ಮರೆಯಲ್ಲಿ ಇರಲು ಬಾರದಿದ್ದರೆ ನಿಮ್ಮ ಅರ್ಧ ಬಲದವರು ನಗುನಗುತ್ತಾ ನಿಮ್ಮನ್ನು ಸೋಲಿಸುತ್ತಾರೆ.

ಹುಲ್ಲಿನಿಂದ ಶುರು ಮಾಡಿ. ಮೈದಾನಕ್ಕೆ ಒಬ್ಬರು ಜೊತೆಗಾರರನ್ನು ಕರೆದುಕೊಂಡು ಹೋಗಿ. ನಡಿಗೆಯ ವೇಗದಲ್ಲಿ ಪಕ್ಕಪಕ್ಕ ಓಡಿಸುತ್ತಾ ಮೊಣಕೈಗೆ ಮೊಣಕೈ, ಭುಜಕ್ಕೆ ಭುಜ ತಾಗಿಸಿ. ಆಮೇಲೆ ನಿಮ್ಮ ಮುಂದಿನ ಚಕ್ರವನ್ನು ಅವರ ಹಿಂದಿನ ಚಕ್ರಕ್ಕೆ ಬೇಕೆಂದೇ ಒರೆಸಿ. ಮೊದಲ ದಿನ ನಾಲ್ಕೈದು ಸಲ ಬೀಳುತ್ತೀರಿ. ಬೀಳಲಿ ಎಂದೇ ಹುಲ್ಲಿಗೆ ಕಳಿಸುತ್ತಿರುವುದು. ಒಂದು ವಾರದಲ್ಲಿ ಮೈ ತಾಗಿದರೆ ಕೈ ಬಿಗಿ ಹಿಡಿಯುವ ಚಾಳಿ ಬಿಡುತ್ತದೆ. ಮೊಣಕೈ ಸಡಿಲವಾಗಿ ಬಾಗಿರುತ್ತದೆ. ಇಷ್ಟು ಬಂದ ಮೇಲೆ ರಸ್ತೆಗೆ ಬನ್ನಿ.

ರಸ್ತೆಯಲ್ಲಿ ಮೊದಲು ಒಂದು ಮಾರು ಅಂತರ ಇಟ್ಟುಕೊಳ್ಳಿ. ಕೆಲವು ವಾರ ಕಳೆದ ಮೇಲೆ ಒಂದು ಮೊಳ. ಗೇಣಿನ ಮಾತು ಆಮೇಲೆ. ಗೇಣಿಗಿಂತ ಹತ್ತಿರ ಹೋಗಿ ಸಿಗುವ ಲಾಭ ಸ್ವಲ್ಪ, ಅಪಾಯ ಬಹಳ.

ಕಣ್ಣು ಎಲ್ಲಿರಬೇಕು? ಹೊಸಬರೆಲ್ಲ ಮುಂದಿನ ಟಯರನ್ನೇ ದಿಟ್ಟಿಸುತ್ತಾರೆ. ಟಯರ್ ನಿಮಗೆ ಏನನ್ನೂ ಮೊದಲೇ ಹೇಳುವುದಿಲ್ಲ. ಮುಂದಿನವರ ಸೊಂಟದ ಮಟ್ಟಕ್ಕೆ ಕಣ್ಣಿಟ್ಟು, ಭುಜದ ಆಚೆ ಇನ್ನೂ ಮೂರು ನಾಲ್ಕು ಜನರ ತನಕ ನೋಡಿ. ಅಲ್ಲಿ ಯಾರಾದರೂ ಪೆಡಲ್ ನಿಲ್ಲಿಸಿದರೆ, ಅದು ನಿಮ್ಮ ತನಕ ಬರುವಷ್ಟರಲ್ಲಿ ನೀವು ತಯಾರಾಗಿರುತ್ತೀರಿ.

ಬ್ರೇಕ್ ಹಿಡಿಯಬೇಡಿ. ಕೇಳಿದರೆ ತಮಾಷೆ ಅನ್ನಿಸುತ್ತೆ, ಅಲ್ವಾ? ಆದರೆ ನೀವು ಒಂದು ಚೂರು ಒತ್ತಿದರೆ ಹಿಂದಿನವರು ಎರಡು ಚೂರು ಒತ್ತುತ್ತಾರೆ, ಹತ್ತನೆಯವರು ನೆಲದ ಮೇಲೆ ಇರುತ್ತಾರೆ. ವೇಗ ಇಳಿಸಲು ಬೇರೆ ದಾರಿಗಳಿವೆ. ಪೆಡಲ್ ತಿರುಗುತ್ತಿರಲಿ, ಒತ್ತಡ ಮಾತ್ರ ತೆಗೆಯಿರಿ. ಸಾಲದಿದ್ದರೆ ಬೆನ್ನು ಎತ್ತಿ ಎದೆಗೆ ಗಾಳಿ ಕೊಡಿ. ಅದೂ ಸಾಲದಿದ್ದರೆ ಮರೆಯಿಂದ ಅರ್ಧ ಅಡಿ ಪಕ್ಕಕ್ಕೆ ಸರಿದು ಗಾಳಿಗೆ ಮೈ ಒಡ್ಡಿ. ಬ್ರೇಕ್ ಕೊನೆಯದು.

ಪಕ್ಕಕ್ಕೆ ಸರಿಯುವಾಗ ಒಂದು ಎಚ್ಚರ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಸುಳಿ ಅಲ್ಲೇ ನಿಲ್ಲಬಾರದು. ಅವರು ಒಂದು ಗುಂಡಿ ತಪ್ಪಿಸಲು ಹೊರಳಿದರೆ ಸಾಕು, ಎರಡು ಚಕ್ರ ತಾಗುತ್ತವೆ. ಆಗ ಅವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಿಮ್ಮ ಚುಕ್ಕಾಣಿ ಹೋಗಿರುತ್ತದೆ, ಬೀಳುವವರು ನೀವೇ. ನನ್ನ ಎಡ ಭುಜದಲ್ಲಿ ಇರುವ ಲೋಹದ ಪಟ್ಟಿ ಹೀಗೆ ಬಂದದ್ದು. ತಪ್ಪು ಪೂರ್ತಿ ನನ್ನದು. ಮುಂದಿದ್ದವರಿಗೆ ನಾನು ಬಿದ್ದದ್ದು ಎರಡು ಕಿಲೋಮೀಟರ್ ಆದ ಮೇಲೆ ಗೊತ್ತಾಯಿತು.

ಇನ್ನೊಂದು ಚಿಕ್ಕ ವಿಷಯ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಏರಿನಲ್ಲಿ ಸೀಟಿನಿಂದ ಎದ್ದು ನಿಲ್ಲುತ್ತೀರಲ್ಲ, ಆ ಕ್ಷಣ ಸೈಕಲ್ ಒಂದು ಗೇಣು ಹಿಂದಕ್ಕೆ ಬರುತ್ತದೆ. ನಿಮಗೆ ಅದು ಗೊತ್ತೇ ಆಗುವುದಿಲ್ಲ, ಹಿಂದಿನವರ ಚಕ್ರಕ್ಕೆ ಗೊತ್ತಾಗುತ್ತದೆ. ಅದಕ್ಕೇ ಏಳುವ ಮುಂಚೆ ಒಂದು ಗೇರ್ ಬಿಗಿ ಮಾಡಿ, ಪೆಡಲ್ ಕೆಳಗೆ ಹೋಗುವಾಗ ಜೋರಾಗಿ ತುಳಿಯುತ್ತಲೇ ಏಳಿ.

ಈಗ ಸರದಿ, ಅಂದರೆ ಮುಂದೆ ನಿಂತು ಗಾಳಿ ಸೀಳುವ ಪಾಳಿ. ಎರಡು ಸಾಲು ಇರುತ್ತವೆ. ಒಂದು ಮುಂದಕ್ಕೆ ಹೋಗುವ ಸಾಲು, ಇನ್ನೊಂದು ಗಾಳಿಗೆ ದುಡಿದು ಹಿಂದಕ್ಕೆ ಬರುವ ಸಾಲು. ನಿಮ್ಮ ಮುಂದಿದ್ದವರು ಪಕ್ಕಕ್ಕೆ ಸರಿದಾಗ ನೀವು ಮುಂದಾಳು. ಇಲ್ಲಿ ಹತ್ತರಲ್ಲಿ ಒಂಬತ್ತು ಜನ ಮಾಡುವ ತಪ್ಪು ಎಂದರೆ ತಾಕತ್ತು ತೋರಿಸಲು ಹೋಗುವುದು. ಮುಂದೆ ಬಂದ ತಕ್ಷಣ ಎದ್ದು ತುಳಿಯುತ್ತಾರೆ, ಹಿಂದೆ ಸಾಲು ಹರಿಯುತ್ತದೆ. ಹ್ಯಾಂಡಲ್ ಮೇಲಿನ ಮೀಟರ್ ನೋಡಿ. 38 ಇದ್ದರೆ 38ರಲ್ಲೇ ಇರಿ. ಮೈಗೆ ಗಾಳಿ ಬಡಿಯುವುದರಿಂದ ಅದೇ ವೇಗಕ್ಕೆ ಕಷ್ಟ ತಾನಾಗಿಯೇ ಜಾಸ್ತಿಯಾಗುತ್ತದೆ. ನಿಮ್ಮ ಹಿಂದಿನ ಚಕ್ರ ಪಕ್ಕದ ಸಾಲಿನವರ ಮುಂದಿನ ಚಕ್ರವನ್ನು ದಾಟಿತು ಎಂದಾಗ ಅವರ ಮುಂದೆ ಸರಿಯಿರಿ. ಒತ್ತಡ ಸ್ವಲ್ಪ ಬಿಡಿ. ಅಷ್ಟೇ ಸಾಕು.

ಯಾವ ಕಡೆ ಸರಿಯಬೇಕು? ಗಾಳಿ ಬರುವ ಕಡೆಗೆ. ಗಾಳಿ ಎಡದಿಂದ ಬರುತ್ತಿದ್ದರೆ ಎಡಕ್ಕೆ. ಹಿಂದಕ್ಕೆ ಬರುವ ಸಾಲು ಆಗ ಮುಂದೆ ಹೋಗುವ ಸಾಲಿಗೆ ಗೋಡೆಯಾಗುತ್ತದೆ. ಹಿಂದಕ್ಕೆ ಬರುವಾಗ ಕಡೆಯವರು ಯಾರು ಎಂದು ನೋಡಿಕೊಂಡಿರಿ, ಅವರು "ಲಾಸ್ಟ್" ಎಂದು ಕೂಗಬೇಕು. ಆ ಕೂಗು ತಪ್ಪಿದರೆ ನೀವು ಕೊನೆಯ ಚಕ್ರ ತಪ್ಪಿಸಿಕೊಂಡು, ಒಂದು ನಿಮಿಷ ಪೂರ್ತಿ ಸ್ಪ್ರಿಂಟ್ ಮಾಡಿ ಸುಮ್ನೆ ಸುಸ್ತಾಗುತ್ತೀರಿ.

ಅಡ್ಡಗಾಳಿ ಬಂದಾಗ ಮರೆ ಸಿಗುವುದು ನೇರ ಹಿಂದೆ ಅಲ್ಲ, ಓರೆಯಾಗಿ ಪಕ್ಕದಲ್ಲಿ. ಹಾಗಾಗಿ ಸಾಲು ರಸ್ತೆಯ ಅಗಲಕ್ಕೆ ಓರೆಯಾಗಿ ಹರಡುತ್ತದೆ. ರಸ್ತೆ ಹತ್ತು ಜನರಿಗೆ ಸಾಕಾದರೆ ಹನ್ನೊಂದನೆಯವರು ರಸ್ತೆಯ ಅಂಚಿನಲ್ಲಿ ಮರೆಯಿಲ್ಲದೆ ಒದ್ದಾಡುತ್ತಾರೆ. ಅಲ್ಲಿ ಸಿಕ್ಕಿಕೊಂಡರೆ ಒಂದೇ ಉಪಾಯ. ಮುಂದಿನ ಸಾಲಿಗೆ ನೇತಾಡುವುದು ಬಿಟ್ಟು ನಿಮ್ಮ ಹಿಂದಿನವರನ್ನು ಕೂಗಿ ಎರಡನೇ ಓರೆ ಸಾಲು ಕಟ್ಟಿ.

ಮನೆಯೊಳಗೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಟ್ರೈನರ್ ಬಗ್ಗೆ ಒಂದು ಮಾತು. ಅದು ಒಳ್ಳೆಯ ಉಪಕರಣ, ನನ್ನ ಹತ್ತಿರವೂ ಇದೆ. ಆಸ್ಟ್ರೇಲಿಯಾದ ಜೇ ವೈನ್ 2020ರಲ್ಲಿ ಆನ್‌ಲೈನ್ ಟ್ರೈನರ್ ಸ್ಪರ್ಧೆ ಗೆದ್ದು ವೃತ್ತಿಪರ ತಂಡ ಸೇರಿದರು, 2022ರಲ್ಲಿ ಸ್ಪೇನಿನ ಮೂರು ವಾರದ ರೇಸ್ ವುವೆಲ್ಟಾದಲ್ಲಿ ಎರಡು ಹಂತ (ಒಂದೊಂದು ದಿನದ ರೇಸ್) ಗೆದ್ದರು. ಈ ಕತೆ ಹೇಳಿ ರಸ್ತೆಗೇ ಇಳಿಯದವರು ಬಹಳ ಇದ್ದಾರೆ. ವೈನ್ ಅದಕ್ಕೂ ಮುಂಚೆ ರಸ್ತೆ ರೇಸ್ ಓಡಿಸುತ್ತಿದ್ದವರು ಎಂಬುದನ್ನು ಅವರು ಹೇಳುವುದಿಲ್ಲ.

ಹೆಜ್ಜೆ 4: ಹೊಟ್ಟೆ

ಉದ್ದದ ರೇಸಿನಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಹಸಿವಾದ ಮೇಲೆ ತಿನ್ನುವುದು ತಡವಾಯಿತು ಎಂದೇ ಲೆಕ್ಕ. ತಿನ್ನುವ ಸಕ್ಕರೆ ಜೆಲ್ ಆಗಲಿ ಬಾಳೆಹಣ್ಣಾಗಲಿ, ಅಭ್ಯಾಸದಲ್ಲಿ ತಿಂದು ನೋಡದ್ದನ್ನು ರೇಸಿನ ದಿನ ತಿನ್ನಬೇಡಿ. ಕೊಬ್ಬು ಕರಗಿಸುವ ಪುಡಿ, ಒಂದೇ ವಾರದಲ್ಲಿ ದಮ್ಮು ಏರಿಸುವ ಮಾತ್ರೆ ಇತ್ಯಾದಿಗಳನ್ನು ಎಸೆಯಿರಿ. ಅದರೊಳಗೆ ನಿಷೇಧಿತ ವಸ್ತು ಬೆರೆತಿದ್ದರೆ, ನನಗೆ ಗೊತ್ತಿರಲಿಲ್ಲ ಎಂದು ಪಾರಾಗಲು ಆಗುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಹೊಣೆ ನಿಮ್ಮದೇ.

ಹೆಜ್ಜೆ 5: ರೇಸು

ರೇಸ್ ಲೈಸೆನ್ಸ್ ಮಾಡಿಸಿ, ಚಿಕ್ಕ ರೇಸ್‌ಗಳಿಂದ ಶುರು ಮಾಡಿ. 17-18 ವಯಸ್ಸು ಜೂನಿಯರ್, 19ರಿಂದ 22 ಅಂಡರ್-23. ತಿರುವುಗಳು ಜಾಸ್ತಿ ಇರುವ ರೇಸಿನಲ್ಲಿ ಗುಂಪಿನ ಮೊದಲ ಮೂರನೇ ಒಂದು ಭಾಗದಲ್ಲೇ ಇರಿ. ಹಿಂದೆ ಇದ್ದರೆ ಆರಾಮ ಎನ್ನುವುದು ಸುಳ್ಳು. ತಿರುವಿನಲ್ಲಿ ಮುಂದಿನವರು ಸಲೀಸಾಗಿ ಹೊರಳಿ ಹೋಗುತ್ತಾರೆ. ಹಿಂದಿನವರು ನಿಂತಷ್ಟೇ ಆಗಿ, ಮತ್ತೆ ಸ್ಪ್ರಿಂಟ್ ಮಾಡಿ ಗುಂಪು ಸೇರಬೇಕು. ಪ್ರತಿ ತಿರುವಿಗೂ ಇದೇ ಪಾಡು.

ಇನ್ನು, ಮುಂದೆ ಎಷ್ಟು ಜನ ಹೋಗಿದ್ದಾರೆ ಎಂದು ಎಣಿಸುತ್ತಿರಿ. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ರೇಸಿನಲ್ಲಿ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಶುರುವಿನಲ್ಲೇ ತಪ್ಪಿಸಿಕೊಂಡು ಹೋದರು. ಅವರು ಗಣಿತದಲ್ಲಿ ಪಿಎಚ್.ಡಿ. ಮಾಡಿದವರು, ಯಾವ ವೃತ್ತಿಪರ ತಂಡದ ಒಪ್ಪಂದವೂ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಕಿವಿಗೆ ರೇಡಿಯೋ ಇಲ್ಲ. ನೆದರ್ಲೆಂಡ್ಸ್‌ನ ಆನೆಮೀಕ್ ವಾನ್ ಫ್ಲೂಟೆನ್ ತಾನೇ ಗೆದ್ದೆ ಎಂದು ಎರಡೂ ಕೈ ಎತ್ತಿ ಗೆರೆ ದಾಟಿದರು. ಚಿನ್ನ ಒಂದು ನಿಮಿಷಕ್ಕೂ ಮುಂಚೆ ಹೋಗಿತ್ತು.

ಹೆಜ್ಜೆ 6: ತಂಡ

ಮೆಟ್ಟಿಲು ಮೂರು. ಕಾಂಟಿನೆಂಟಲ್ ತಂಡ, ಅದರ ಮೇಲೆ ಪ್ರೊ ಟೀಮ್, ತುದಿಯಲ್ಲಿ ವರ್ಲ್ಡ್ ಟೀಮ್. ಎಳೆಯರನ್ನು ಹುಡುಕುವವರ ಕಣ್ಣು ಫ್ರಾನ್ಸಿನ ಅಂಡರ್-23 ರೇಸ್ ಟೂರ್ ಡಿ ಲಾವೆನಿರ್‌ನಂಥ ರೇಸ್‌ಗಳ ಮೇಲೆ. ಅದನ್ನು ಎಗನ್ ಬೆರ್ನಾಲ್ 2017ರಲ್ಲಿ, ತಾದೇಯ್ ಪೊಗಾಚಾರ್ 2018ರಲ್ಲಿ ಗೆದ್ದರು. ಎರಡೇ ವರ್ಷದಲ್ಲಿ ಇಬ್ಬರೂ ಟೂರ್ ಡಿ ಫ್ರಾನ್ಸ್ ಗೆದ್ದರು, ಒಬ್ಬರು 2019ರಲ್ಲಿ, ಇನ್ನೊಬ್ಬರು 2020ರಲ್ಲಿ. ತಡವಾಯಿತು ಎನ್ನುವವರಿಗೆ ಪ್ರಿಮೋಜ್ ರೋಗ್ಲಿಚ್ ಇದ್ದಾರೆ. ಸ್ಕೀ ಜಂಪಿಂಗ್ ಬಿಟ್ಟು ಬಂದು, 2013ರಲ್ಲಿ ಮೊದಲ ಸೈಕ್ಲಿಂಗ್ ತಂಡ ಸೇರಿದಾಗ ಅವರಿಗೆ 23 ವರ್ಷ. ಆಮೇಲೆ ವುವೆಲ್ಟಾವನ್ನು ನಾಲ್ಕು ಸಲ ಗೆದ್ದರು.

ತಂಡಗಳಿಗೆ ನಿಮ್ಮ ಶಕ್ತಿಯ ಲೆಕ್ಕ ಇರುವ ವ್ಯಾಟ್ ಫೈಲ್ ಕಳಿಸಿ, ಕಳಿಸಬೇಡಿ ಎನ್ನುವುದಿಲ್ಲ. ಆದರೆ ಫಲಿತಾಂಶದ ಜೊತೆ ರೇಸಿನ ವಿಡಿಯೋ ಇದ್ದರೆ ಅದನ್ನೂ ಕಳಿಸಿ. ತಂಡದಲ್ಲಿ ಜಾಗ ಕೊಡಿಸುತ್ತೇನೆ, ಇಷ್ಟು ದುಡ್ಡು ಕೊಡಿ ಎನ್ನುವ ಏಜೆಂಟ್ ಸಿಕ್ಕರೆ ಫೋನ್ ಇಡಿ. ಡೋಪಿಂಗ್ ಪರೀಕ್ಷೆಯ ಪಟ್ಟಿಗೆ ಹೆಸರು ಸೇರಿದ ಮೇಲೆ ದಿನದ ಒಂದು ಗಂಟೆ ಎಲ್ಲಿರುತ್ತೀರಿ ಎಂದು ಮೊದಲೇ ಬರೆದು ಕೊಡಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ, ಅಮ್ಮನಿಗೂ ಹೇಳಿಡಿ.

ಹೆಜ್ಜೆ 7: ಮೊದಲ ವರ್ಷ, ಅಂದರೆ ಬಾಟಲ್

ಒಪ್ಪಂದ ಸಿಕ್ಕಿತು ಎಂದುಕೊಳ್ಳಿ. ನಿಮ್ಮ ಕೆಲಸ ನಾಯಕರಿಗೆ ನೀರು ತರುವುದು, ಗಾಳಿಗೆ ಅಡ್ಡ ನಿಲ್ಲುವುದು. ಹೆಸರು ಡೊಮೆಸ್ಟಿಕ್. ಕೈ ಎತ್ತಿ, ಗುಂಪಿನ ಬಾಲಕ್ಕೆ ಇಳಿದು, ತಂಡದ ಕಾರಿನ ಕಿಟಕಿಗೆ ಬನ್ನಿ. ಕಾರಿನವರು ಕೊಡುವ ಬಾಟಲನ್ನು ಹಿಡಿದೇ ಎಳೆಸಿಕೊಳ್ಳಬೇಡಿ, ದಂಡ ಬೀಳುತ್ತದೆ. ಎರಡು ಫ್ರೇಮಿಗೆ, ಮೂರು ಬೆನ್ನಿನ ಜೇಬಿಗೆ, ಉಳಿದದ್ದು ಕುತ್ತಿಗೆಯ ಕಡೆಯಿಂದ ಜೆರ್ಸಿಯೊಳಗೆ. ಎಂಟು ಬಾಟಲ್ ಎಂದರೆ ಹತ್ತಿರ ಹತ್ತಿರ ನಾಲ್ಕು ಕೆ.ಜಿ., ತಣ್ಣಗೆ ಬೆನ್ನಿಗೆ ಒತ್ತುತ್ತಿರುತ್ತದೆ. ಈಗ ಕಾರುಗಳ ಮರೆ ಹಿಡಿದು ಒಂದೊಂದೇ ದಾಟಿ ಮುಂದೆ ಬನ್ನಿ. ಗುಂಪಿನ ಅಂಚಿನಲ್ಲಿ ಯಾರ ಮೊಣಕೈ ತಾಗಿದರೂ ಬೆದರದೆ ನುಸುಳಿ. ಹುಲ್ಲಿನ ಮೈದಾನ ನೆನಪಾಗುವುದು ಆಗಲೇ.

ಕೊಡುವಾಗ ಬಾಟಲಿನ ಕುತ್ತಿಗೆ ಹಿಡಿದು ಕೊಡಿ, ತೆಗೆದುಕೊಳ್ಳುವವರಿಗೆ ಹೊಟ್ಟೆ ಹಿಡಿಯಲು ಸಿಗಬೇಕು. ಮೊದಲು ನಾಯಕರಿಗೆ, ಆಮೇಲೆ ಉಳಿದವರಿಗೆ. ಒಂದು ನಿಮಗೂ ಇಟ್ಟುಕೊಳ್ಳಿ. ಮೊದಲ ಸಲ ಎಲ್ಲರೂ ಮರೆಯುತ್ತಾರೆ.