ಬೀಮ್ ನೋಡದೆ ಹೆಡ್ ಎಣಿಸಬೇಡಿ: ಬಟ್ಟೆ ಮಳಿಗೆಗೆ ಸ್ಪ್ರಿಂಕ್ಲರ್ ಕೂರಿಸಿದ ಕ್ರಮ

ಮಂಗಳೂರಿನ ಹಂಪನಕಟ್ಟೆ ಬದಿಯ ಬಟ್ಟೆ ಮಳಿಗೆಗಳಿಗೆ ಈಗೀಗ ಫಾಲ್ಸ್ ಸೀಲಿಂಗ್ ಬೇಡವಾಗಿದೆ. ಸ್ಲ್ಯಾಬ್‌ಗೆ ಕಪ್ಪು ಬಣ್ಣ ಹೊಡೆದು, ಡಕ್ಟ್, ಪೈಪು, ಕೇಬಲ್ ಟ್ರೇ ಎಲ್ಲ ಕಾಣುವ ಹಾಗೆ ಬಿಡುತ್ತಾರೆ. ಮಾಲೀಕರಿಗೆ ಖರ್ಚು ಕಡಿಮೆ, ಎತ್ತರವೂ ಸಿಗುತ್ತದೆ. ಆದರೆ ಜಿಪ್ಸಮ್ ಇಲ್ಲದ ಮೇಲೆ ಬೀಮುಗಳೆಲ್ಲ ಬಯಲಿಗೆ ಬರುತ್ತವೆ, ಬೆಂಕಿಯ ಬಿಸಿಗೆ ತಾನೇ ತೆರೆದು ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ಹೆಡ್‌ಗಳ ಲೆಕ್ಕ ತಲೆಕೆಳಗಾಗುವುದು ಅಲ್ಲೇ.

ನಾವು ಮಾಡಿದ್ದು ನೆಲಮಹಡಿ ಮತ್ತು ಮೇಲೆ ಮೂರು ಮಹಡಿಯ ಕಟ್ಟಡ. ಪ್ರತಿ ಮಹಡಿ 20 ಮೀಟರ್ ಅಗಲ, 24 ಮೀಟರ್ ಉದ್ದ, ಅಂದರೆ 480 ಚದರ ಮೀಟರ್. ಬಟ್ಟೆ ಅಂಗಡಿಯನ್ನು ಸ್ಪ್ರಿಂಕ್ಲರ್‌ಗಳ ಭಾರತೀಯ ಮಾನಕ ಐಎಸ್ 15105ರ ಮಧ್ಯಮ ಅಪಾಯದ ವರ್ಗದಲ್ಲಿ ಹಿಡಿದೆವು: ಒಂದು ಹೆಡ್‌ಗೆ ಹೆಚ್ಚೆಂದರೆ 12 ಚ.ಮೀ. ಆರ್ಕಿಟೆಕ್ಟ್ ಕೊಟ್ಟ ನಕ್ಷೆಯ ಮೇಲೆ ಗೆರೆ ಎಳೆದರೆ ಅಗಲಕ್ಕೆ 6, ಉದ್ದಕ್ಕೆ 7, ಒಟ್ಟು 42 ಹೆಡ್. ಒಂದೊಂದರ ಪಾಲಿಗೆ 11.4 ಚ.ಮೀ. ಬರುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ. ಹಲವರು ಕೊಟೇಶನ್ ಕೊಡುವುದೂ ಇದೇ ಅಂಕಿಗೆ.

ಸ್ಟ್ರಕ್ಚರಲ್ ನಕ್ಷೆ ತೆರೆದರೆ ಬೇರೆಯೇ ಚಿತ್ರ. ಬೀಮುಗಳು 5 ಮೀ. × 6 ಮೀ. ಚೌಕಗಳಲ್ಲಿ ಓಡುತ್ತವೆ, ಸ್ಲ್ಯಾಬ್‌ನಿಂದ 450 ಮಿ.ಮೀ. ಕೆಳಗಿಳಿದಿವೆ. ಹೆಡ್‌ನಲ್ಲಿ ನೀರನ್ನು ಸುತ್ತ ಹರಡುವ ಡಿಫ್ಲೆಕ್ಟರ್ ತಟ್ಟೆ ಸ್ಲ್ಯಾಬ್‌ನಿಂದ 25ರಿಂದ 300 ಮಿ.ಮೀ. ಒಳಗೆ ಇರಬೇಕು. ಅದಕ್ಕಿಂತ ಕೆಳಗಿಳಿಸಿದರೆ ಬಿಸಿ ಹೊಗೆ ಮೇಲೆಯೇ ಹರಡಿ, ಹೆಡ್‌ನ ಬಾಯಿ ಮುಚ್ಚಿ ಹಿಡಿದ ಗಾಜಿನ ಬಲ್ಬ್ ಒಡೆಯುವುದು ತಡವಾಗುತ್ತದೆ. ಮೇಲೆ ಇಟ್ಟು ಬೀಮ್‌ಗೆ ಹತ್ತಿರವಾದರೆ ನೀರು ಬೀಮ್‌ಗೆ ಬಡಿದು ಆಚೆ ಬದಿ ಒಣಗಿರುತ್ತದೆ. ಬೀಮ್‌ನಿಂದ 30 ಸೆಂ.ಮೀ. ಒಳಗೆ ಹೆಡ್ ಇದ್ದರೆ ತಟ್ಟೆ ಬೀಮ್‌ನ ತಳಕ್ಕಿಂತ ಮೇಲಿರಬಾರದು. 60 ಸೆಂ.ಮೀ. ದೂರವಿದ್ದರೆ ತಳದಿಂದ 140 ಮಿ.ಮೀ. ಮೇಲಿರಬಹುದು. ದೂರ ಹೆಚ್ಚಿದಷ್ಟೂ ಸಡಿಲ. 42ರ ಗೆರೆಗಳನ್ನು ಬೀಮ್ ನಕ್ಷೆಯ ಮೇಲಿಟ್ಟಾಗ ಮಧ್ಯದ ಒಂದು ಸಾಲು ನೇರ ಬೀಮ್‌ನ ಅಡಿಗೇ ಬಂತು.

ಕೊನೆಗೆ ಪ್ರತಿ ಚೌಕಕ್ಕೆ ನಾಲ್ಕು ಹೆಡ್, 2.5 ಮೀ. × 3 ಮೀ. ಅಂತರ. 16 ಚೌಕ, ಮಹಡಿಗೆ 64 ಹೆಡ್, ನಾಲ್ಕು ಮಹಡಿಗೆ 256. ಬೀಮ್‌ನಿಂದ ಅತಿ ಹತ್ತಿರದ ಹೆಡ್ ಸುಮಾರು 1.25 ಮೀಟರ್ ದೂರ, ತಡೆಯ ಪ್ರಶ್ನೆಯೇ ಇಲ್ಲ. ಬಿಲ್ಲಿಂಗ್ ಕೌಂಟರ್ ಮತ್ತು ಟ್ರಯಲ್ ರೂಮ್‌ಗಳ ಮೇಲೆ ಮಾತ್ರ ಜಿಪ್ಸಮ್ ಇತ್ತು, ಅಲ್ಲಿಗೆ ಪ್ರತ್ಯೇಕ ಇಳಿ ಪೈಪು. ಎ.ಸಿ. ಡಕ್ಟ್ 1.2 ಮೀಟರ್‌ಗಿಂತ ಅಗಲವಾದ ಕಡೆ ಅದರ ಅಡಿಗೂ ಹೆಡ್ ಬೇಕು.

ಹೆಡ್ ಹೆಚ್ಚಾದರೆ ಖರ್ಚು ಹೆಡ್‌ನದ್ದು ಮಾತ್ರ ಎಂದುಕೊಳ್ಳುತ್ತಾರೆ. ನೀರಿನ ಲೆಕ್ಕವೂ ಬದಲಾಗುತ್ತದೆ, ನೋಡಿ. ನಿಮಿಷಕ್ಕೆ 5 ಮಿ.ಮೀ. ನೀರು, 360 ಚ.ಮೀ. ಜಾಗಕ್ಕೆ: ನಿಮಿಷಕ್ಕೆ 1,800 ಲೀಟರ್. 12 ಚ.ಮೀ.ಗೆ ಒಂದು ಹೆಡ್ ಆಗಿದ್ದರೆ ಒಂದರಿಂದ 60 ಲೀ. ಬೇಕು. ಕೆ-80 ಹೆಡ್‌ನಲ್ಲಿ ಒತ್ತಡದ ವರ್ಗಮೂಲವನ್ನು 80ರಿಂದ ಗುಣಿಸಿದರೆ ಹರಿವು ಸಿಗುತ್ತದೆ, ಹಾಗಾಗಿ 0.56 ಬಾರ್ ಸಾಕು. ನಮ್ಮದು 7.5 ಚ.ಮೀ.ಗೆ ಒಂದು. ಬೇಕಾದದ್ದು 37.5 ಲೀ., ಒತ್ತಡ 0.22 ಬಾರ್ ಬರುತ್ತದೆ. ಆದರೆ 0.35 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಹೆಡ್ ಸರಿಯಾಗಿ ಹರಡುವುದಿಲ್ಲ, ಆದ್ದರಿಂದ ಕನಿಷ್ಠ 0.35 ಹಿಡಿಯಬೇಕು. ಆಗ ಒಂದು ಹೆಡ್‌ನಿಂದ 47 ಲೀ. 360 ಚ.ಮೀ.ಯಲ್ಲಿ 48 ಹೆಡ್, ಒಟ್ಟು ಸುಮಾರು 2,270 ಲೀ. ಪಂಪ್‌ಗೆ ಹತ್ತಿರದ ಹೆಡ್‌ಗಳಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಇನ್ನೊಂದು ಹತ್ತು ಶೇಕಡಾ ಸೇರಿಸಿ 2,500. ಮೊದಲು ಅಂದುಕೊಂಡಿದ್ದ 2,280 ಲೀ. ಪಂಪ್ ಸಾಲದೆ 2,850ಕ್ಕೆ ಹೋದೆವು. ಒಂದು ಗಂಟೆಯ ನೀರು 1.5 ಲಕ್ಷ ಲೀಟರ್. (ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲ ಹೆಡ್ ಒಟ್ಟಿಗೆ ಸುರಿಯುವುದಿಲ್ಲ. ಬಿಸಿ ತಾಗಿದ್ದು ಮಾತ್ರ ತೆರೆಯುತ್ತದೆ. 48 ಎನ್ನುವುದು ಕೆಟ್ಟದ್ದಕ್ಕೆ ಕಟ್ಟಿದ ಲೆಕ್ಕ.)

ಪೈಪಿನ ಅಳತೆಯಲ್ಲಿ ಮಾಡುವ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಹೆವಿ ಕ್ಲಾಸ್ (ದಪ್ಪ ಗೋಡೆಯ) 25 ಮಿ.ಮೀ. ಪೈಪಿನಲ್ಲಿ ಒಂದು ಹೆಡ್‌ನ ನೀರು ಹರಿದರೆ ಮೀಟರ್‌ಗೆ 0.015 ಬಾರ್ ನಷ್ಟ. ಎರಡು ಹೆಡ್‌ನದ್ದಾದರೆ 0.054, ಮೂರರದ್ದಾದರೆ 0.114. ಮೂರು ಮೀಟರ್ ದೂರಕ್ಕೆ 0.34 ಬಾರ್, ಅಂದರೆ ಒಂದು ಹೆಡ್‌ಗೆ ಬೇಕಾದ ಒತ್ತಡದಷ್ಟು ಪೈಪೇ ತಿಂದು ಹಾಕುತ್ತದೆ. ಅಲ್ಲಿಗೆ 32 ಮಿ.ಮೀ. ಹಾಕಿದರೆ ನಷ್ಟ 0.08ಕ್ಕೆ ಇಳಿಯುತ್ತದೆ. ಹಾಗಾಗಿ ತುದಿಯ ಎರಡು ಹೆಡ್‌ಗೆ 25, ಮೂರನೆಯದರಿಂದ 32. ಪೈಪ್ ಉಳಿದಿದೆ ಎಂದು ಫಿಟ್ಟರ್ 25ನ್ನೇ ಮುಂದುವರಿಸಿದರೆ ಪ್ರೆಶರ್ ಟೆಸ್ಟ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, ನೀರು ನಿಂತಿರುವಾಗ ನಷ್ಟವೇ ಇಲ್ಲವಲ್ಲ. ಸುಣ್ಣದ ಕಡ್ಡಿಯಲ್ಲಿ ಸ್ಲ್ಯಾಬ್‌ಗೇ ಅಳತೆ ಬರೆದಿಡಿ.

ಓಪನ್ ಸೀಲಿಂಗ್‌ಗೆ ಮೇಲ್ಮುಖ ಹೆಡ್‌ಗಳನ್ನೇ ಹಾಕಿದೆವು. ಕರಾವಳಿಯ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುವ ಕಡೆ ಇದರ ಲಾಭ ಇನ್ನೂ ಹೆಚ್ಚು. ಕೆಳಮುಖ ಹೆಡ್‌ನ ಇಳಿ ಪೈಪಿನಲ್ಲಿ ಕೆಸರು ಕೂರುತ್ತದೆ, ಮೇಲ್ಮುಖದಲ್ಲಿ ಕೂರುವುದಿಲ್ಲ. ಬಲ್ಬ್ ಕೆಂಪು, 68 ಡಿಗ್ರಿ. ಪಕ್ಕದ ಶೀಟ್ ಮಾಡಿನ ಗೋದಾಮಿಗೆ 93ರ ಹಸಿರು. ಉಡುಪಿ ಹೋಟೆಲಿನ ಅಡುಗೆಮನೆಗೆ ಯಾರಾದರೂ ಕೆಂಪು ಹಾಕಿದರೆ ದೋಸೆ ಕಾವಲಿಯ ಬಿಸಿಗೇ ಒಡೆಯುವ ಭಯ. ಅಲ್ಲಿಗೆ 93 ಅಥವಾ 141, ಎಣ್ಣೆ ಬಾಣಲೆಯ ಹುಡ್‌ಗೆ ನೀರಲ್ಲದ ಬೇರೆಯೇ ವ್ಯವಸ್ಥೆ.

ಕವಲು ಪೈಪು ವೆಲ್ಡ್ ಮಾಡಲು ತೂತು ಕೊರೆದಾಗ ಬೀಳುವ ಬಿಲ್ಲೆ ಪೈಪಿನೊಳಗೇ ಉಳಿಯುವುದು ಹಳೆಯ ರೋಗ. ಪ್ರತಿ ತೂತಿನ ಬಿಲ್ಲೆಯನ್ನು ತಂತಿಯಲ್ಲಿ ಪೋಣಿಸಿ ಅಲ್ಲೇ ನೇತುಹಾಕಲು ಹೇಳಿ. ತೂತಿಗೂ ಬಿಲ್ಲೆಗೂ ಲೆಕ್ಕ ಸಿಗಬೇಕು. ಹೆಡ್ ತಿರುಗಿಸಲು ಅದರದ್ದೇ ಸ್ಪ್ಯಾನರ್, ಪೈಪ್ ರೆಂಚ್ ಹಿಡಿದರೆ ಚೌಕಟ್ಟು ಬಾಗುತ್ತದೆ. ಟೆಫ್ಲಾನ್ ಟೇಪ್ ಮೊದಲ ಎಳೆ ಬಿಟ್ಟು ಸುತ್ತಬೇಕು, ತುದಿ ಒಳಗೆ ಇಣುಕಿದರೆ ಆ ಚೂರು ಹೆಡ್‌ನ ಬಾಯಿಗೇ ಬಂದು ಕೂರುತ್ತದೆ. ಉಪ್ಪು ಗಾಳಿಗೆ ಹೊರಗಿನ ಪೈಪು ಬೇಗ ತುಕ್ಕು ಹಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಒಳಗಿನ ತುಕ್ಕು ಬರುವುದು ಸಿಕ್ಕಿಬಿದ್ದ ಗಾಳಿಯಿಂದ. ಮೇಲಿನ ತುದಿಯಲ್ಲಿ ಆಟೋಮ್ಯಾಟಿಕ್ ಏರ್ ವೆಂಟ್ ಇಡಿ. ಜಿ.ಐ. (ಸತು ಲೇಪಿಸಿದ ಪೈಪು) ಹಾಕಿದರೆ ನಿಶ್ಚಿಂತೆ ಎಂಬುದು ತಪ್ಪು, ನೀರು-ಗಾಳಿ ಸೇರುವ ಗೆರೆಯಲ್ಲಿ ಅದೂ ಕುಳಿ ಬೀಳುತ್ತದೆ.

ಪರೀಕ್ಷೆಗೆ 14 ಬಾರ್, ಎರಡು ಗಂಟೆ. ನಿಧಾನವಾಗಿ ತುಂಬಿಸಿ, ಮೇಲಿನ ಗಾಳಿ ಪೂರ್ತಿ ಬಿಟ್ಟ ಮೇಲೆ ಮಾತ್ರ ಒತ್ತಡ ಏರಿಸಿ. ಕಪ್ಪು ಬಣ್ಣದ ಸ್ಪ್ರೇ ಕೆಲಸ ಬರುವುದು ಇದರ ನಂತರ, ಎಡವಟ್ಟು ಆಗುವುದೂ ಆಗಲೇ. ಹೆಡ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಸಂಜೆಯೇ ಬಿಚ್ಚಬೇಕು. ಬಣ್ಣ ತಾಗಿದ ಹೆಡ್ ಒರೆಸಿ ಉಳಿಸಲು ಹೋಗಬೇಡಿ, ಬದಲಿಸಿ. ಖಾಲಿ ಬಿದ್ದ ಮಹಡಿಯಲ್ಲಿ ಕಣಜದ ಹುಳ ಬಲ್ಬ್ ಸುತ್ತ ಮಣ್ಣಿನ ಗೂಡು ಕಟ್ಟುವುದೂ ಉಂಟು. ಸೀರೆ ರಾಕ್‌ಗಳ ಮೇಲೆ ಹೆಡ್‌ನಿಂದ 50 ಸೆಂ.ಮೀ. ಕೆಳಗೆ ಕೆಂಪು ಗೆರೆ ಎಳೆಸಿದೆವು, ದೀಪಾವಳಿ ಸ್ಟಾಕ್ ಬಂದಾಗ ಆ ಗೆರೆ ಬೇಕೇ ಬೇಕು.

ಟ್ಯಾಂಕ್‌ನಲ್ಲಿ ಬೇಸಿಗೆಯ ಲೆಕ್ಕ ಬೇರೆ. ಊರಿಗೆ ಬರುವ ತುಂಬೆ ಅಣೆಕಟ್ಟಿನ ನೀರು ರೇಷನ್‌ಗೆ ಬಂದಾಗ ಮೊದಲು ಕಣ್ಣು ಬೀಳುವುದು ಫೈರ್ ಟ್ಯಾಂಕ್‌ನ ಮೇಲೆ. ಬರುವ ನೀರು ಮೊದಲು ಫೈರ್ ಟ್ಯಾಂಕ್‌ಗೆ ಬಿದ್ದು, ಅದು ತುಂಬಿ ಹರಿದದ್ದು ಬಳಕೆಯ ಟ್ಯಾಂಕ್‌ಗೆ ಹೋಗುವ ಹಾಗೆ ಗೋಡೆ ಕಟ್ಟಿಸಿ. ಬಳಕೆಯ ಪಂಪ್‌ಗೆ ಫೈರ್ ಟ್ಯಾಂಕ್‌ನಿಂದ ಪೈಪೇ ಇರಬಾರದು. ನೀರು ಹಳಸುವುದೂ ತಪ್ಪುತ್ತದೆ.

ಪಂಪ್ ರೂಮ್‌ನಲ್ಲಿ ಜಾಕಿ (ಪೈಪಿನ ಒತ್ತಡ ಕಾಯುವ ಸಣ್ಣ ಪಂಪ್) 6 ಬಾರ್‌ಗೆ ಶುರು, 7ಕ್ಕೆ ನಿಲುಗಡೆ. ಮೇನ್ 5ಕ್ಕೆ, ಡೀಸೆಲ್ 4ಕ್ಕೆ. ಇವೆರಡನ್ನು ಕೈಯಲ್ಲೇ ನಿಲ್ಲಿಸಬೇಕು. ಜಾಕಿ ಗಳಿಗೆಗೊಮ್ಮೆ ಓಡಿದರೆ ಎಲ್ಲೋ ಸೋರಿಕೆ ಇದೆ. ವಾಚ್‌ಮನ್ ಶಬ್ದ ತಾಳಲಾರದೆ ಸ್ವಿಚ್ ಮ್ಯಾನುಯಲ್‌ಗೆ ತಿರುಗಿಸಿಬಿಟ್ಟರೆ ಅಷ್ಟು ಖರ್ಚು ಮಾಡಿದ್ದೆಲ್ಲ ನೀರುಪಾಲು ಮಾರಾಯ್ರೆ. ಮಳೆಗಾಲದಲ್ಲಿ ಸಿಡಿಲಿಗೆ ಕರೆಂಟ್ ಹೋದಾಗ ನಂಬಿಕೆ ಡೀಸೆಲ್ ಮೇಲೆ. ಆಟಿ ತಿಂಗಳ ಮಳೆಯ ಥಂಡಿಗೆ ಬ್ಯಾಟರಿ ಟರ್ಮಿನಲ್‌ಗೆ ಹಸಿರು ಹಿಡಿಯುತ್ತದೆ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ ನೋಡಿ.

ಕೊನೆಯ ಪರೀಕ್ಷೆ ಮೇಲಿನ ಮಹಡಿಯ ದೂರದ ತುದಿಯಲ್ಲಿ. ಅಲ್ಲಿನ 25 ಮಿ.ಮೀ. ಟೆಸ್ಟ್ ವಾಲ್ವ್‌ನ ಬಾಯಿ ಒಂದು ಹೆಡ್‌ನ ಬಾಯಿಯಷ್ಟೇ ಇರುತ್ತದೆ. ತೆರೆದ 90 ಸೆಕೆಂಡಿನೊಳಗೆ ನೀರು ಹರಿದದ್ದನ್ನು ಗುರುತಿಸುವ ಫ್ಲೋ ಸ್ವಿಚ್ ಅಲಾರಂ ಪ್ಯಾನಲ್‌ನಲ್ಲಿ ಕೂಗಬೇಕು. ಆ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ನಕ್ಷೆಯಲ್ಲೇ ಗುರುತಿಸಿ. ಡ್ರೈನ್ ಪೈಪ್ ಮರೆತರೆ ಟೆಸ್ಟ್ ವಾಲ್ವ್ ಇದ್ದೂ ಯಾರೂ ಅದನ್ನು ತೆರೆಯುವುದಿಲ್ಲ, ಕೆಳಗೆ ಸೀರೆ ಇದೆಯಲ್ಲ.