ಮಹಾ ಏಕೀಕೃತ ಸಿದ್ಧಾಂತವನ್ನು ಕಟ್ಟುವ ಬಗೆ

ಪ್ರಬಲ, ದುರ್ಬಲ ಮತ್ತು ವಿದ್ಯುತ್ಕಾಂತೀಯ ಬಲಗಳು ಮೂಲದಲ್ಲಿ ಒಂದೇ ಎಂದು ತೋರಿಸಹೊರಟವರು ಮೊದಲು ಆರಿಸಿಕೊಳ್ಳಬೇಕಾದದ್ದು ಒಂದು ಸಮ್ಮಿತಿ ಗುಂಪನ್ನು, ಅಂದರೆ ಭೌತನಿಯಮಗಳನ್ನು ಬದಲಿಸದ ರೂಪಾಂತರಗಳ ಗಣವನ್ನು. ಮೂಲಕಣಗಳನ್ನೂ ಈ ಬಲಗಳನ್ನೂ ವಿವರಿಸುವ ಇಂದಿನ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್‌ನ ಎಸ್‌ಯು(3), ಎಸ್‌ಯು(2), ಯು(1) ಗುಂಪುಗಳ ರ‍್ಯಾಂಕುಗಳನ್ನು (ಗುಂಪಿನಲ್ಲಿ ಒಟ್ಟಿಗೆ ಅಳೆಯಬಹುದಾದ ಸ್ವತಂತ್ರ ಆವೇಶಗಳ ಸಂಖ್ಯೆ) ಕೂಡಿಸಿದರೆ 4 ಬರುವುದರಿಂದ, ಹೊಸ ಗುಂಪಿನ ರ‍್ಯಾಂಕ್ ಅದಕ್ಕಿಂತ ಕಡಿಮೆ ಇರಕೂಡದು. 1974ರಲ್ಲಿ ಭೌತವಿಜ್ಞಾನಿಗಳಾದ ಹೊವರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಶೊ ಆರಿಸಿಕೊಂಡ ಎಸ್‌ಯು(5) ಗುಂಪಿನಿಂದ ಆರಂಭಿಸುವುದು ಲೇಸು.

ಮುಂದಿನದು ಕಣಗಳನ್ನು ಗುಂಪಿನೊಳಗೆ ಕೂರಿಸುವ ಕೆಲಸ. ಸಿದ್ಧಾಂತದ ತಿರುಳೇ ಇಲ್ಲಿರುವುದರಿಂದ ಅವಸರ ಸಲ್ಲದು. ಒಂದು ಪೀಳಿಗೆಯ, ಅಂದರೆ ಕ್ವಾರ್ಕುಗಳೂ ಎಲೆಕ್ಟ್ರಾನ್, ನ್ಯೂಟ್ರಿನೊಗಳಂಥ ಲೆಪ್ಟಾನುಗಳೂ ಸೇರಿದ ಒಂದು ಕಂತೆಯ, 15 ಕಣಗಳು ಐದು ಮತ್ತು ಹತ್ತರ ಎರಡು ಕುಟುಂಬಗಳಾಗಿ ಒಂದೂ ಉಳಿಯದಂತೆ ಹಂಚಿಹೋಗುತ್ತವೆ. ಐದರ ಕುಟುಂಬದಲ್ಲಿ ಮೂರು ಬಣ್ಣದ (ಪ್ರಬಲ ಬಲದ ಆವೇಶಕ್ಕಿಟ್ಟ ಹೆಸರು) ಡೌನ್ ಪ್ರತಿಕ್ವಾರ್ಕುಗಳು, ಎಲೆಕ್ಟ್ರಾನ್ ಮತ್ತು ನ್ಯೂಟ್ರಿನೊ ಇವೆ. ಗುಂಪಿನ ನಿಯಮದ ಪ್ರಕಾರ ಇವುಗಳ ವಿದ್ಯುದಾವೇಶಗಳ ಮೊತ್ತ ಸೊನ್ನೆಯಾಗಲೇಬೇಕು. ಎಲೆಕ್ಟ್ರಾನಿನದು −1, ನ್ಯೂಟ್ರಿನೊದ್ದು 0. ಹಾಗಾಗಿ ಪ್ರತಿಯೊಂದು ಪ್ರತಿಕ್ವಾರ್ಕಿಗೂ +1/3 ಬಂದೇ ತೀರುತ್ತದೆ. ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ನಾವೇ ಕೈಯಾರೆ ತುಂಬುವ ಈ ಸಂಖ್ಯೆ ಇಲ್ಲಿ ತಾನಾಗಿ ಒದಗುತ್ತದೆ. ಇಷ್ಟು ಸೊಗಸಾದ ಫಲಿತಾಂಶ ಭೌತಶಾಸ್ತ್ರದಲ್ಲಿ ಅಪರೂಪ. ಎರಡೂ ಕುಟುಂಬಗಳ ಅನಾಮಲಿಗಳು (ಸಿದ್ಧಾಂತವನ್ನು ಅಸಂಗತಗೊಳಿಸುವ ಕ್ವಾಂಟಂ ದೋಷಗಳು) ಪರಸ್ಪರ ರದ್ದಾಗುತ್ತವೆ ಎಂಬುದನ್ನೂ ಲೆಕ್ಕ ಮಾಡಿ ಖಚಿತಪಡಿಸಿಕೊಳ್ಳಬೇಕು.

ಅನಂತರ ಮೂರು ಬಲಗಳ ಸಾಮರ್ಥ್ಯವು ಶಕ್ತಿಯೊಂದಿಗೆ ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕಬೇಕು. ಹೋಲಿಕೆಗೆ ಮುನ್ನ ಹೈಪರ್‌ಚಾರ್ಜಿನ (ಯು(1) ಗುಂಪಿನ ಆವೇಶದ) ಸಂಯೋಜನಾಂಕದ, ಅಂದರೆ ಬಲದ ಸಾಮರ್ಥ್ಯ ಸೂಚಿಸುವ ಸಂಖ್ಯೆಯ, ವರ್ಗವನ್ನು 5/3ರಿಂದ ಗುಣಿಸಲು ಮರೆತರೆ ಮುಂದಿನದೆಲ್ಲ ತಪ್ಪುತ್ತದೆ. ಏಕೀಕರಣದ ಹಂತದಲ್ಲಿ ವೈನ್‌ಬರ್ಗ್ ಕೋನದ (ವಿದ್ಯುತ್ಕಾಂತೀಯ ಮತ್ತು ದುರ್ಬಲ ಬಲಗಳ ಬೆರಕೆಯ ಅಳತೆ) ಸೈನ್ ವರ್ಗ 3/8 ಆಗಿದ್ದು, ಕೆಳಗಿನ ಶಕ್ತಿಗೆ ಇಳಿದಾಗ ಸರಳ ಎಸ್‌ಯು(5)ನಲ್ಲಿ ಸುಮಾರು 0.21 ಆಗುತ್ತದೆ, ಪ್ರಯೋಗದಲ್ಲಿ ಸಿಕ್ಕ ಬೆಲೆ 0.231. ಈ ಅಂತರವನ್ನು ಕಡೆಗಣಿಸಲಾಗದು.

ಎಸ್‌ಯು(5) ಸಮ್ಮಿತಿಯನ್ನು ಸ್ಟ್ಯಾಂಡರ್ಡ್ ಮಾಡೆಲ್‌ನ ಮೂರು ಗುಂಪುಗಳಾಗಿ ಮುರಿಯಲು 24 ಘಟಕಗಳ ಹಿಗ್ಸ್ ಕ್ಷೇತ್ರ (ಕಣಗಳಿಗೆ ದ್ರವ್ಯರಾಶಿ ಕೊಡುವ ಬಗೆಯ ಕ್ಷೇತ್ರ) ಸಾಕು. ಆಗ ಭಾರವಾಗುವ 12 ಹೊಸ ಬೋಸಾನುಗಳು (ಬಲವನ್ನು ಸಾಗಿಸುವ ಕಣಗಳು) ಕ್ವಾರ್ಕನ್ನು ಲೆಪ್ಟಾನಾಗಿ ಬದಲಿಸಬಲ್ಲವು, ಅಂದರೆ ಪ್ರೋಟಾನ್ ಕ್ಷಯಿಸಬೇಕು. ಇದನ್ನು ಹುಡುಕಲೆಂದೇ 1980ರ ದಶಕದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಬ್ಬಿಣದ ಪದರಗಳ ಶೋಧಕವನ್ನು ನಿಲ್ಲಿಸಿದರು. ಅಲ್ಲಿ ಕಂಡ ಕೆಲವು ಘಟನೆಗಳನ್ನು ಇತರ ಪ್ರಯೋಗಗಳು ದೃಢಪಡಿಸಲಿಲ್ಲ. ಪಾಸಿಟ್ರಾನ್ ಮತ್ತು ಪಯಾನ್ ಆಗಿ ಕ್ಷಯಿಸುವ ಮಾರ್ಗದಲ್ಲಿ ಪ್ರೋಟಾನಿನ ಆಯುಸ್ಸು 10³⁴ ವರ್ಷಗಳಿಗೂ ಹೆಚ್ಚೆಂದು ಜಪಾನಿನ ಭೂಗತ ಶೋಧಕ ಸೂಪರ್-ಕಾಮಿಯೊಕಾಂಡೆ ಈಗ ತೋರಿಸಿದೆ. ಸರಳ ಎಸ್‌ಯು(5) ಹೇಳುವ ಆಯುಸ್ಸು ಈ ಮಿತಿಯನ್ನು ದಾಟಲಾರದು.

ಆದ್ದರಿಂದ ಅಭ್ಯಾಸ ಮುಗಿದ ಮೇಲೆ ಎಸ್‌ಒ(10) ಎಂಬ ಇನ್ನೂ ದೊಡ್ಡ ಗುಂಪಿಗೆ ಸಾಗಬೇಕು. ಅಲ್ಲಿ ಬಲಗೈ (ಚಲನೆಯ ದಿಕ್ಕಿಗೆ ಬಲಸುತ್ತಾಗಿ ಗಿರಕಿ ಹೊಡೆಯುವ) ನ್ಯೂಟ್ರಿನೊ ಸಹಿತ 16 ಕಣಗಳೂ ಒಂದೇ ಕುಟುಂಬ. ಆದರೆ ರ‍್ಯಾಂಕ್ 5 ಇರುವುದರಿಂದ ಸಮ್ಮಿತಿಯನ್ನು ಹಲವು ದಾರಿಗಳಲ್ಲಿ ಮುರಿಯಬಹುದು, ಪ್ರತಿ ದಾರಿಗೂ ಪ್ರೋಟಾನಿನ ಆಯುಸ್ಸನ್ನು ಹೊಸದಾಗಿ ಲೆಕ್ಕ ಹಾಕಬೇಕು.