ಅಮೂರ್ತ ಚಿತ್ರದಲ್ಲಿ ಬದಲಾಗುವ ಊರನ್ನು ನಾನು ಓದುವ ಬಗೆ

ಅಮೂರ್ತ ಚಿತ್ರದ ಮುಂದೆ ನಿಂತು ಮನೆ ಎಲ್ಲಿದೆ, ರಸ್ತೆ ಎಲ್ಲಿದೆ ಅಂತ ಹುಡುಕುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ, ಅದೇ ತೊಂದರೆ. ಮೋಡದಲ್ಲಿ ಆನೆ ಕಂಡ ಹಾಗೆ. ಈಗ ನಾನು ಮೊದಲು ನೋಡುವುದು ಕಲಾವಿದರ ಕೈ ಅಲ್ಲಿ ಏನು ಮಾಡಿದೆ ಅನ್ನುವುದನ್ನು. ಬಳಿದಿದೆಯಾ, ಕೆರೆದಿದೆಯಾ, ಹರಿದು ಅಂಟಿಸಿದೆಯಾ? ಒಂದರ ಮೇಲೊಂದು ಕಟ್ಟುವುದು, ಕೆಡವುವುದು, ಮುಚ್ಚುವುದು ಊರಿಗೂ ಆಗುತ್ತದೆ ಅಲ್ವಾ?

ಪಕ್ಕದ ಫಲಕ ಓದುವುದು ಆಮೇಲೆ. ಅದರಲ್ಲೂ ಶೀರ್ಷಿಕೆ ಕೊನೆಗೆ. ಮೊದಲು ಯಾವುದರಿಂದ ಮಾಡಿದ್ದು, ಆಮೇಲೆ ಯಾವ ವರ್ಷ.

ಈ ಕ್ರಮ ಚೆನ್ನಾಗಿ ಫಲ ಕೊಟ್ಟಿದ್ದು ಅಮೆರಿಕದ ಕಲಾವಿದ ಮಾರ್ಕ್ ಬ್ರಾಡ್‌ಫರ್ಡ್ ಅವರ ‘ಲೋಸ್ ಮೋಸ್ಕೋಸ್’ ವಿಷಯದಲ್ಲಿ. 2004ರ ಕೃತಿ, 3 ಮೀಟರಿಗೂ ಹೆಚ್ಚು ಎತ್ತರ. ಕಪ್ಪಿನ ನಡುವೆ ಸಾವಿರಾರು ಬಣ್ಣದ ಚೂರು. ರಾತ್ರಿ ವಿಮಾನದಿಂದ ನಗರ ನೋಡಿದಂತೆ ಕಾಣುತ್ತದೆ. ಅಷ್ಟಕ್ಕೇ ನಿಂತರೆ ಅದೊಂದು ಚಂದದ ನಕ್ಷೆ, ಮುಗೀತು. ಆದರೆ ಆ ಚೂರುಗಳು ಲಾಸ್ ಏಂಜಲಿಸ್‌ನಲ್ಲಿ ಅವರ ಸ್ಟುಡಿಯೋ ಸುತ್ತಲಿನ ಬೀದಿಗಳಲ್ಲಿ ಸಿಕ್ಕ ಕಾಗದ. ಅಂದರೆ ಇಲ್ಲಿರುವುದು ಬೀದಿಯ ಚಿತ್ರ ಮಾತ್ರ ಅಲ್ಲ, ಬೀದಿಯ ಸಾಮಾನೇ. ಇನ್ನು ಶೀರ್ಷಿಕೆ: ವಲಸೆ ಬಂದ ದಿನಗೂಲಿಗಳನ್ನು ಹೀಯಾಳಿಸಲು ಬಳಸುವ ಸ್ಪ್ಯಾನಿಷ್ ಬೈಗುಳ ಅದು, ‘ನೊಣಗಳು’ ಅಂತ. ಇದು ಗೊತ್ತಾದ ಮೇಲೆ ಮತ್ತೆ ನೋಡಿದರೆ ಚೂರುಗಳು ದೀಪಗಳಾಗಿ ಉಳಿಯುವುದಿಲ್ಲ. ಊರು ಯಾರ ದುಡಿಮೆಯಿಂದ ನಡೆಯುತ್ತದೆ, ಯಾರನ್ನು ಕಸದ ಹಾಗೆ ನೋಡುತ್ತದೆ ಅನ್ನುವ ಮಾತಿಗೆ ನಾನು ಬಂದಿದ್ದು ಹೀಗೆ.

ಅಂದ ಹಾಗೆ, ಇಂಥ ಕೃತಿಗಳನ್ನು ಫೋನಿನಲ್ಲಿ ನೋಡಿ ತೀರ್ಮಾನಿಸಬೇಡಿ. ಪದರಗಳು ಕಾಣುವುದೇ ಇಲ್ಲ. ನೇರವಾಗಿ ನೋಡಲಾಗದಿದ್ದರೆ ಹತ್ತಿರದಿಂದ ತೆಗೆದ ಫೋಟೋಗಳನ್ನಾದರೂ ಹುಡುಕಿ.

ಇನ್ನೊಂದು ದಾರಿ, ಅದೇ ಕಲಾವಿದರ ಹಳೆಯ ಕೆಲಸವನ್ನು ಪಕ್ಕಕ್ಕಿಟ್ಟು ನೋಡುವುದು. ಡಚ್ ಚಿತ್ರಕಾರ ಮಾಂಡ್ರಿಯನ್ 1940ರಲ್ಲಿ ನ್ಯೂಯಾರ್ಕಿಗೆ ಬಂದರು. 1942–43ರ ‘ಬ್ರಾಡ್‌ವೇ ಬೂಗಿ ವೂಗಿ’ಯಲ್ಲಿ ಅವರ ಹಳೆಯ ಕಪ್ಪು ಗೆರೆಗಳೇ ಇಲ್ಲ. ಹಳದಿ ಪಟ್ಟಿಗಳ ಮೇಲೆ ಕೆಂಪು, ನೀಲಿ, ಬೂದು ಚೌಕಗಳು ಓಡುತ್ತವೆ. ಇದನ್ನು ನ್ಯೂಯಾರ್ಕ್ ಬದಲಾದ ಕತೆ ಅನ್ನಲು ನನಗೆ ಧೈರ್ಯವಿಲ್ಲ. ಬದಲಾಗಿದ್ದು ಊರು ಬಿಟ್ಟು ಬಂದ ಮನುಷ್ಯ. ಅದೂ ಅರ್ಧ ಮಾತ್ರ. ಉಳಿದರ್ಧ ಅವರು ಮೆಚ್ಚಿದ ಬೂಗಿ ವೂಗಿ ಎಂಬ ಪಿಯಾನೋ ಸಂಗೀತದ್ದು, ಶೀರ್ಷಿಕೆಯೇ ಹೇಳುತ್ತದಲ್ಲ.

ನೋಟ್‌ಬುಕ್ಕಿನಲ್ಲಿ ಎಡಗಡೆ ಕಂಡದ್ದು, ಬಲಗಡೆ ನನಗನಿಸಿದ್ದು ಬರೆಯುತ್ತೇನೆ. ಬಲಗಡೆಯ ಮಾತಿಗೆ ಎಡಗಡೆ ಆಧಾರ ಇಲ್ಲದಿದ್ದರೆ ಹೊಡೆದು ಹಾಕುತ್ತೇನೆ. ಉದಾಹರಣೆಗೆ, ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ 1967ರಲ್ಲಿ ಶುರು ಮಾಡಿದ ‘ಓಷನ್ ಪಾರ್ಕ್’ ಸರಣಿಗೆ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಊರಿನ ಒಂದು ಬಡಾವಣೆಯ ಹೆಸರಿದೆ. ತೆಳು ಬಣ್ಣದಡಿ ಹಳೆಯ ಗೆರೆಗಳು ಇಣುಕುತ್ತವೆ. ಅಳಿಸಿಹೋದ ಬಡಾವಣೆ ಅಂತ ಬರೆಯಲು ಕೈ ತುರಿಸುತ್ತದೆ. ಆದರೆ ತಿದ್ದಿದ ಗುರುತನ್ನು ಮುಚ್ಚದೆ ಬಿಡುವುದು ಅವರ ಕೆಲಸದ ರೀತಿ. ಹಾಗಾಗಿ ಎಡಗಡೆ ‘ತಿದ್ದಿದ ಗೆರೆ’ ಅಂತಷ್ಟೇ ಬರೆದಿದ್ದೇನೆ. ‘ಕೆಡವಿದ ಮನೆ’ ಅನ್ನಲು ಹೆಸರೊಂದೇ ಸಾಲದು.